ದುಡ್ಡು ಕೊಟ್ಟರೆ ಸಾಲದಾ, ಓಡೋದ್ಯಾಕೆ?

ನಿಮ್ಮ ಫೋನಿಗೂ ಇಂಥದ್ದೊಂದು ಮೆಸೇಜ್ ಬಂದೇ ಇರುತ್ತೆ: "ಎಲ್ಲರಿಗೂ ನಮಸ್ಕಾರ, ನಾನು ಅಕ್ಟೋಬರ್‌ನಲ್ಲಿ ಹಾಫ್ ಮ್ಯಾರಥಾನ್ ಓಡ್ತಾ ಇದೀನಿ, ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸ್ತಾ ಇದೀನಿ, ದಯವಿಟ್ಟು ಕೆಳಗಿನ ಲಿಂಕ್ ಒತ್ತಿ." ಕನ್ನಡ ಸಂಘದ ವಾಟ್ಸಾಪ್ ಗ್ರೂಪಲ್ಲಿ, ರಾಜ್ಯೋತ್ಸವದ ಊಟದ ಟಿಕೆಟ್ಟಿಗೂ "ಬೇಸ್‌ಮೆಂಟ್ ಬಾಡಿಗೆಗಿದೆ" ಅನ್ನೋದಕ್ಕೂ ನಡುವೆ. ಕೆಲವರು ಕೈಮುಗಿಯೋ ಇಮೋಜಿ ಹಾಕ್ತಾರೆ, ಕೆಲವರು ಇಪ್ಪತ್ತು ಡಾಲರ್ ಕೊಡ್ತಾರೆ, ಕೆಲವರು ಮನಸ್ಸಿನಲ್ಲೇ ಒಂದೆರಡು ಪ್ರಶ್ನೆ ಕೇಳ್ಕೊಂಡು ಮುಂದೆ ಹೋಗ್ತಾರೆ.

2024ರಲ್ಲಿ ಆ ಮೆಸೇಜ್ ಕಳಿಸಿದವಳು ನಾನು. ನಮ್ಮವರು ಮನಸ್ಸಿನಲ್ಲಿಟ್ಟುಕೊಳ್ಳೋ ಪ್ರಶ್ನೆಗಳನ್ನ ನನಗೆ ನೇರವಾಗಿಯೇ ಕೇಳಿದ್ರು. ಮೂರು ಪ್ರಶ್ನೆ. ಓಡೋದ್ಯಾಕೆ? ಕೆನಡಾದಲ್ಲಿ ಆಸ್ಪತ್ರೆ ಫ್ರೀ ತಾನೇ, ದುಡ್ಡು ಯಾತಕ್ಕೆ? ಅದೇ ದುಡ್ಡನ್ನ ಊರಿಗೆ ಕಳಿಸಬಾರದಾ? ಮೂರೂ ಒಳ್ಳೆ ಪ್ರಶ್ನೆಗಳೇ. ಐದು ತಿಂಗಳು ಓಡ್ತಾ ಓಡ್ತಾ ನಾನು ಯೋಚನೆ ಮಾಡಿದ್ದೂ ಇವುಗಳ ಬಗ್ಗೆಯೇ. ಇವತ್ತು ನಿಮಗೆ ಹೇಳಬೇಕು ಅಂತಿರೋದೂ ಅದನ್ನೇ.

ಮೊದಲು, ಯಾರಿಗೋಸ್ಕರ ಅನ್ನೋದು. ಟೊರಾಂಟೊ ಪಕ್ಕದ ನಮ್ಮೂರಲ್ಲಿ ನಾನು ಶನಿವಾರ ಬೆಳಿಗ್ಗೆ ಚಿಕ್ಕ ಮಕ್ಕಳಿಗೆ ಕನ್ನಡ ಕಲಿಸ್ತೀನಿ. ಅ ಆ ಇ ಈ, ಬಣ್ಣಗಳು, "ನನಗೆ ನೀರು ಬೇಕು" ಇಂಥವು. ಅಲ್ಲಿ ಒಬ್ಬಳು ಐದು ವರ್ಷದ ಹುಡುಗಿ ಇದ್ಲು. ಅವಳ ಹೆಸರು ಇಲ್ಲಿ ಹೇಳಲ್ಲ. ಆ ಚಳಿಗಾಲದಲ್ಲಿ ಅವಳಿಗೆ ಬಿಡದ ಜ್ವರ ಬಂತು. ಬಿದ್ದಿರಲಿಲ್ಲ, ಆದ್ರೂ ಕಾಲ ಮೇಲೆ ನೀಲಿ ನೀಲಿ ಕಲೆ. ಮುಖ ಬಿಳಿಚಿಕೊಂಡಿತ್ತು. ಮೂರನೇ ವಾರ ರಕ್ತ ಪರೀಕ್ಷೆ ಮಾಡಿದ ದಿನವೇ ಅಡ್ಮಿಟ್ ಮಾಡ್ಕೊಂಡ್ರು. ಲ್ಯುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್. ಅದರಲ್ಲೂ ಮಕ್ಕಳಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳೋ ಎ.ಎಲ್.ಎಲ್. ಅನ್ನೋ ಬಗೆ.

ಅವಳ ಅಮ್ಮ ನನಗೆ ಫೋನ್ ಮಾಡಿ ಹೇಳಿದ್ದು ಎರಡೇ ಮಾತು. "ಅಕ್ಕಾ, ಇನ್ನು ಕ್ಲಾಸಿಗೆ ಬರಲ್ಲ. ಯಾರಿಗೂ ಹೇಳಬೇಡಿ." ಎರಡನೇ ಮಾತು ನಿಮಗೆ ಆಶ್ಚರ್ಯ ಅನ್ನಿಸ್ತಾ? ಇಲ್ಲೇ ಹುಟ್ಟಿ ಬೆಳೆದವರಿಗೆ ಅನ್ನಿಸಬಹುದು. ಊರಿಂದ ಬಂದವರಿಗೆ ಅನ್ನಿಸಲ್ಲ. ನಮ್ಮಲ್ಲಿ ಆ ಖಾಯಿಲೆಯ ಹೆಸರನ್ನೇ ಎಷ್ಟೋ ಜನ ಬಾಯಲ್ಲಿ ಆಡಲ್ಲ. "ದೊಡ್ಡ ಖಾಯಿಲೆ" ಅಂತಾರೆ, "ಅದೇ, ಅದು" ಅಂತಾರೆ. ಹೆಸರು ಹೇಳಿದ್ರೆ ಬಂದುಬಿಡುತ್ತೇನೋ ಅನ್ನೋ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ಹೆಣ್ಣು ಮಗು. ಇಪ್ಪತ್ತು ವರ್ಷ ಆದ್ಮೇಲೆ ಮದುವೆ ಮಾತುಕತೆಯಲ್ಲಿ ಯಾರಾದರೂ ಇದನ್ನ ಎತ್ತಿಯಾರು ಅನ್ನೋ ಲೆಕ್ಕ. ಮಗು ಐಸಿಯುನಲ್ಲಿ ಇರಬೇಕಾದ್ರೆ ಆ ಲೆಕ್ಕವನ್ನೂ ಹಾಕಬೇಕಾದ ತಾಯಿಯ ಕಷ್ಟ ಎಂಥದ್ದು, ನೀವೇ ಯೋಚನೆ ಮಾಡಿ.

ಹೇಳಬೇಡಿ ಅಂದ್ರು, ನಾನು ಹೇಳಲಿಲ್ಲ. ಆದ್ರೆ ಸುಮ್ಮನೆ ಇರೋಕೂ ಆಗಲಿಲ್ಲ. ವಾರಕ್ಕೆರಡು ದಿನ ಊಟದ ಡಬ್ಬಿ ತಗೊಂಡು ಹೋಗ್ತಿದ್ದೆ. ಚಿಕಿತ್ಸೆಯಲ್ಲಿ ಸ್ಟೆರಾಯ್ಡ್ ಕೊಡೋ ವಾರಗಳಲ್ಲಿ ಮಕ್ಕಳಿಗೆ ವಿಪರೀತ ಹಸಿವು. ರಾತ್ರಿ ಮೂರು ಗಂಟೆಗೆ ಎದ್ದು "ಚಿತ್ರಾನ್ನ ಬೇಕು" ಅಂತ ಅಳೋಳು. ಇನ್ನೊಂದು ಔಷಧಿ ಇದೆ, ವಿನ್‌ಕ್ರಿಸ್ಟಿನ್ ಅಂತ. ಅದು ನರಗಳಿಗೆ ಪೆಟ್ಟು ಕೊಡುತ್ತೆ. ಪಾದ ಸರಿಯಾಗಿ ಎತ್ತಿಡೋಕೆ ಆಗಲ್ಲ. ಪಾರ್ಕಿನಲ್ಲಿ ಎಲ್ಲರಿಗಿಂತ ಮುಂದೆ ಓಡ್ತಿದ್ದ ಹುಡುಗಿ ಮನೆಯ ಹದಿಮೂರು ಮೆಟ್ಟಿಲು ಹತ್ತೋಕೆ ಕಂಬಿ ಹಿಡ್ಕೊಂಡು ಎರಡು ಸಲ ನಿಲ್ಲೋಳು. ಒಂದು ದಿನ ಹಾಗೆ ನಿಂತವಳು ಹಿಂದೆ ತಿರುಗಿ, "ಟೀಚರ್, ನೀವು ಮುಂದೆ ಹೋಗಿ, ನಾನು ಸ್ಲೋ" ಅಂದ್ಲು. ಕನ್ನಡದಲ್ಲೇ ಅಂದ್ಲು. ಆ ವಾರ ನಾನು ಓಟಕ್ಕೆ ಹೆಸರು ಕೊಟ್ಟೆ.

ಈಗ ಮೊದಲನೇ ಪ್ರಶ್ನೆ. ಅದನ್ನ ಕೇಳಿದ್ದು ಹಾಸನದಲ್ಲಿರೋ ನಮ್ಮಮ್ಮ. "ಅಲ್ಲ ಕಣೇ, ದುಡ್ಡು ಕೊಡೋಕೆ ಓಡೋದ್ಯಾಕೆ? ನಲವತ್ತನಾಲ್ಕು ವರ್ಷಕ್ಕೆ ಮಂಡಿ ಸವೆಸ್ಕೊಂಡು? ಕೊಡೋ ದುಡ್ಡು ಕೊಟ್ಬಿಟ್ಟು ಮನೇಲಿರು." ನಾನು ಕೇಳಿದೆ, "ನೀನು ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗಿರಲಿಲ್ವಾ? ಬಸ್ಸಿತ್ತಲ್ಲ?" ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಇದು ಹರಕೆ ಅನ್ನು" ಅಂದ್ರು.

ಕನ್ನಡ ಕಲೀತಿರೋರಿಗೆ ಒಂದು ಮಾತು: ಹರಕೆ ಅಂದ್ರೆ ದೇವರ ಹತ್ತಿರ ಮಾಡ್ಕೊಳ್ಳೋ ಒಪ್ಪಂದ. ಮಗನ ಜ್ವರ ಬಿಟ್ಟರೆ ಬೆಟ್ಟ ಹತ್ತಿ ಬರ್ತೀನಿ, ಮುಡಿ ಕೊಡ್ತೀನಿ, ಉರುಳು ಸೇವೆ ಮಾಡ್ತೀನಿ. ನಮ್ಮ ಜನಕ್ಕೆ ಹಣದ ಕಾಣಿಕೆ ಮಾತ್ರ ಸಾಲದು, ಮೈ ದಣಿಯಬೇಕು. ಇಲ್ಲಿನವರ ಚಾರಿಟಿ ಓಟದ ಬುಡದಲ್ಲೂ ಇರೋದು ಇದೇ. ಯಾರೋ ಒಬ್ಬರು ತಮ್ಮ ಮೈಯನ್ನ ದಣಿಸ್ತಾರೆ. ಅದನ್ನ ನೋಡಿ ಉಳಿದವರು ಜೇಬಿಗೆ ಕೈ ಹಾಕ್ತಾರೆ. ನಾನು ಸುಮ್ಮನೆ "ದುಡ್ಡು ಕೊಡಿ" ಅಂದಿದ್ರೆ ಹತ್ತು ಜನ ಕೊಡ್ತಿದ್ರು. "ಓಡ್ತೀನಿ, ಕೊಡಿ" ಅಂದಿದ್ದಕ್ಕೆ ಎಪ್ಪತ್ತಮೂರು ಜನ ಕೊಟ್ರು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಹರಕೆ ತೀರಿಸೋದು ಫಲ ಸಿಕ್ಕ ಮೇಲೆ, ನಮ್ಮ ಮಗುವಿಗೋಸ್ಕರ. ಇಲ್ಲಿ ಮೊದಲೇ ತೀರಿಸಿಬಿಡಬೇಕು. ಫಲ ಸಿಕ್ಕರೆ ಹತ್ತು ಹದಿನೈದು ವರ್ಷ ಆದ್ಮೇಲೆ, ನಾವು ಯಾವತ್ತೂ ನೋಡದ ಮಗುವಿಗೆ. ಸಿಗದೇನೂ ಇರಬಹುದು.

ಈ ದೇಶದಲ್ಲಿ ಶಾಲೆಗೆ ಹೋದ ಎಲ್ಲರಿಗೂ ಟೆರ್ರಿ ಫಾಕ್ಸ್ ಗೊತ್ತು. 18ನೇ ವಯಸ್ಸಿನಲ್ಲಿ ಮೂಳೆ ಕ್ಯಾನ್ಸರ್ ಬಂದು ಬಲಗಾಲು ಹೋಯ್ತು. ಆಸ್ಪತ್ರೆಯಲ್ಲಿ ತನಗಿಂತ ಚಿಕ್ಕ ಮಕ್ಕಳ ನೋವು ನೋಡಿದ್ದ. 1980ರ ಏಪ್ರಿಲ್‌ನಲ್ಲಿ ಕೃತಕ ಕಾಲು ಹಾಕ್ಕೊಂಡು ಕೆನಡಾದ ಪೂರ್ವ ತೀರದಿಂದ ಹೊರಟ. ದಿನಕ್ಕೆ ಸುಮಾರು ಒಂದು ಮ್ಯಾರಥಾನ್ ದೂರ. 143 ದಿನ, 5,373 ಕಿಲೋಮೀಟರ್. ಥಂಡರ್ ಬೇ ಹತ್ತಿರ ನಿಲ್ಲಿಸಬೇಕಾಯ್ತು, ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 1981ರ ಜೂನ್‌ನಲ್ಲಿ, 22ನೇ ವಯಸ್ಸಿಗೆ ತೀರಿಕೊಂಡ. ಪ್ರತಿ ಕೆನಡಿಯನ್‌ನಿಂದ ಒಂದು ಡಾಲರ್ ಅನ್ನೋದು ಅವನ ಆಸೆಯಾಗಿತ್ತು. ಸಾಯೋ ಮೊದಲೇ ಅದು ಈಡೇರಿತ್ತು. ಅವನ ಹೆಸರಿನ ಓಟಕ್ಕೆ ಇವತ್ತಿಗೂ ಪ್ರವೇಶ ಶುಲ್ಕ ಇಲ್ಲ, ಗೆದ್ದವರೂ ಇಲ್ಲ, ಸೋತವರೂ ಇಲ್ಲ. ನಿಮ್ಮ ಮಕ್ಕಳು ಸೆಪ್ಟೆಂಬರ್‌ನಲ್ಲಿ ಸ್ಕೂಲಿಂದ ಎರಡು ಡಾಲರ್ ಕೇಳಿದಾಗ ಈ ಕಥೆಯನ್ನ ಕನ್ನಡದಲ್ಲಿ ಒಂದ್ಸಲ ಹೇಳಿ ನೋಡಿ.

ಎರಡನೇ ಪ್ರಶ್ನೆ: ಆಸ್ಪತ್ರೆ ಫ್ರೀ, ಹಾಗಾದ್ರೆ ದುಡ್ಡು ಯಾತಕ್ಕೆ? ಹೌದು, ಆ ಮಗುವಿನ ಕೀಮೋಗೆ, ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದದ್ದಕ್ಕೆ ಅಪ್ಪ ಅಮ್ಮನಿಗೆ ಬಿಲ್ ಬರಲಿಲ್ಲ. ಆದ್ರೆ ಸರ್ಕಾರ ಕೊಡೋದು ಈಗಾಗಲೇ ಇರೋ ಚಿಕಿತ್ಸೆಗೆ. ಆ ಚಿಕಿತ್ಸೆ ಎಲ್ಲಿಂದ ಬಂತು?

ಇಲ್ಲಿ ನಮ್ಮ ಕಡೆಯ ಒಬ್ಬರ ಕಥೆ ಇದೆ. ಯಲ್ಲಾಪ್ರಗಡ ಸುಬ್ಬರಾವ್, ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದವರು. ಅಮೆರಿಕಾಕ್ಕೆ ಹೋಗಿ ಲೆಡರ್ಲಿ ಅನ್ನೋ ಔಷಧ ಕಂಪನಿಯ ಸಂಶೋಧನಾ ವಿಭಾಗ ನಡೆಸಿದ್ರು. ಫೋಲಿಕ್ ಆಮ್ಲಕ್ಕೆ ಅಡ್ಡ ಬರೋ ಅಮಿನಾಪ್ಟೆರಿನ್ ಅನ್ನೋ ರಾಸಾಯನಿಕವನ್ನ ಅವರ ತಂಡ ತಯಾರಿಸ್ತು. ಬಾಸ್ಟನ್‌ನ ಡಾಕ್ಟರ್ ಸಿಡ್ನಿ ಫಾರ್ಬರ್ ಅದನ್ನ ಲ್ಯುಕೇಮಿಯಾ ಇದ್ದ ಮಕ್ಕಳಿಗೆ ಕೊಟ್ಟರು. 1948ರ ಅವರ ವರದಿಯಲ್ಲಿ 16 ಮಕ್ಕಳು; ಹತ್ತು ಮಕ್ಕಳಲ್ಲಿ ಖಾಯಿಲೆ ಸ್ವಲ್ಪ ಕಾಲ ಹಿಂದೆ ಸರಿದಿತ್ತು. ಸ್ವಲ್ಪ ಕಾಲ ಮಾತ್ರ. ಆದ್ರೂ ಅಲ್ಲಿವರೆಗೆ ಯಾವ ಔಷಧಿಗೂ ಬಗ್ಗದ ಖಾಯಿಲೆ ಮೊದಲ ಸಲ ಒಂದು ಹೆಜ್ಜೆ ಹಿಂದೆ ಇಟ್ಟಿತ್ತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡ್ರು, 53ನೇ ವಯಸ್ಸಿಗೆ.

ಇನ್ನೊಂದು ಕಥೆ ನಮ್ಮ ಮನೆ ಅಂಗಳದ್ದು. ನಿತ್ಯಪುಷ್ಪ ಗೊತ್ತಲ್ವಾ? ಕೆಲವು ಕಡೆ ಕಾಶಿ ಕಣಗಿಲೆ ಅಂತಾರೆ. ಬಿಳಿ, ಗುಲಾಬಿ ಬಣ್ಣದ ಐದೆಸಳಿನ ಹೂವು. ಕಾಂಪೌಂಡ್ ಸಂದಿಯಲ್ಲೂ, ನೀರು ಹಾಕದಿದ್ರೂ ಬೆಳೆಯುತ್ತೆ. ಮೂಲ ಮಡಗಾಸ್ಕರ್. ಜಮೈಕಾದಲ್ಲಿ ಸಕ್ಕರೆ ಖಾಯಿಲೆಗೆ ಅದರ ಎಲೆಯ ಕಷಾಯ ಕುಡೀತಿದ್ರು. 1952ರಲ್ಲಿ ಜಮೈಕಾದಿಂದ ಒಬ್ಬ ರೋಗಿ ಟೊರಾಂಟೊದ ನಿವೃತ್ತ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಲಕೋಟೆಯಲ್ಲಿ 25 ಎಲೆ ಕಳಿಸಿದ್ರು. ಅವರು ಅದನ್ನ ತಮ್ಮ ತಮ್ಮ ರಾಬರ್ಟ್‌ಗೆ ದಾಟಿಸಿದ್ರು. ರಾಬರ್ಟ್ ಇದ್ದದ್ದು ಒಂಟಾರಿಯೊದ ಲಂಡನ್‌ನಲ್ಲಿ, ನಮ್ಮ ಮನೆಯಿಂದ ಸುಮಾರು ಎರಡು ಗಂಟೆಯ ಡ್ರೈವ್. ಇಲಿಗಳ ಮೇಲೆ ಪ್ರಯೋಗ ಮಾಡಿದ್ರೆ ಸಕ್ಕರೆ ಇಳೀಲಿಲ್ಲ, ಬಿಳಿ ರಕ್ತಕಣ ಇಳೀತು! ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದರಿಂದ ವಿನ್‌ಬ್ಲಾಸ್ಟಿನ್ ತೆಗೆದ್ರು. ಮುಂದೆ ಅದೇ ಗಿಡದಿಂದ ಅಮೆರಿಕಾದ ಎಲಿ ಲಿಲ್ಲಿ ಕಂಪನಿಯವರು ವಿನ್‌ಕ್ರಿಸ್ಟಿನ್ ತೆಗೆದ್ರು. 1963ರಲ್ಲಿ ಅಮೆರಿಕಾದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ತು. ಆ ಹುಡುಗಿಯ ಪಾದದ ಶಕ್ತಿ ಕಿತ್ತುಕೊಂಡ ಔಷಧಿಯೂ ಅದೇ, ಅವಳನ್ನ ಉಳಿಸ್ತಿರೋ ಔಷಧಿಗಳಲ್ಲಿ ಒಂದೂ ಅದೇ.

ಐವತ್ತರ ದಶಕದಲ್ಲಿ ಈ ಖಾಯಿಲೆ ಬಂದ ಹೆಚ್ಚು ಕಡಿಮೆ ಎಲ್ಲ ಮಕ್ಕಳೂ ಸಾಯ್ತಿದ್ರು. ಇವತ್ತು ಕೆನಡಾದಂಥ ದೇಶಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕ್ತಾರೆ. ಇದು ಒಂದೇ ಒಂದು ಮಂತ್ರದ ಮದ್ದಿನಿಂದ ಆದದ್ದಲ್ಲ. ಯಾವ ಔಷಧಿ, ಯಾವುದರ ಜೊತೆ, ಎಷ್ಟು ದಿನ, ಯಾವ ಮಗುವಿಗೆ ಹೆಚ್ಚು, ಯಾವ ಮಗುವಿಗೆ ಕಡಿಮೆ ಅಂತ ಒಂದೊಂದು ಅಧ್ಯಯನದಲ್ಲಿ ಒಂದೊಂದು ಸಂಗತಿ ಕಲಿತು ಬಂದದ್ದು. ಉದಾಹರಣೆಗೆ, ಮೊದಲು ಮಕ್ಕಳ ತಲೆಗೆ ರೇಡಿಯೇಶನ್ ಕೊಡ್ತಿದ್ರು. ಬದುಕಿದ ಮಕ್ಕಳಿಗೆ ಕಲಿಕೆಯ ತೊಂದರೆ, ಬೆಳವಣಿಗೆಯ ತೊಂದರೆ. ಕೀಮೋ ಸರಿಯಾಗಿ ಹೊಂದಿಸಿದ್ರೆ ಅದು ಇಲ್ಲದೆಯೂ ಗುಣ ಮಾಡಬಹುದು ಅಂತ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯವರು 2009ರಲ್ಲಿ ತೋರಿಸಿದ್ರು. ಸಂಶೋಧನೆ ಅಂದ್ರೆ ಹೊಸ ಔಷಧಿ ಸೇರಿಸೋದು ಮಾತ್ರ ಅಲ್ಲ, ಬೇಡದ ಹಿಂಸೆಯನ್ನ ತೆಗೆಯೋದೂ ಹೌದು.

ನಾನು ಓಡಿದ ಎರಡು ತಿಂಗಳ ಮೇಲೆ, 2024ರ ಡಿಸೆಂಬರ್‌ನಲ್ಲಿ, ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಮುನ್ನಡೆಸಿದವರಲ್ಲಿ ಒಬ್ಬರು ಟೊರಾಂಟೊದ ಸಿಕ್‌ಕಿಡ್ಸ್ ಆಸ್ಪತ್ರೆಯ ಡಾ. ಸುಮಿತ್ ಗುಪ್ತ. ಹೊಸದಾಗಿ ಎ.ಎಲ್.ಎಲ್. ಪತ್ತೆಯಾದ 1,400ಕ್ಕೂ ಹೆಚ್ಚು ಮಕ್ಕಳು. ಅರ್ಧ ಮಕ್ಕಳಿಗೆ ಕೀಮೋ, ಇನ್ನರ್ಧ ಮಕ್ಕಳಿಗೆ ಕೀಮೋ ಜೊತೆ ಬ್ಲಿನಾಟುಮೊಮ್ಯಾಬ್, ಅಂದ್ರೆ ಮೈಯ ರಕ್ಷಣಾ ಕಣವನ್ನೇ ಕ್ಯಾನ್ಸರ್ ಕಣದ ಹತ್ತಿರ ಎಳೆದು ತರೋ ಔಷಧಿ. ಮೂರು ವರ್ಷದ ನಂತರ ಖಾಯಿಲೆ ಮರಳದೆ ಇದ್ದವರು ಬರೀ ಕೀಮೋದಲ್ಲಿ ನೂರಕ್ಕೆ 87.9, ಹೊಸ ಔಷಧಿ ಸೇರಿದಾಗ 96. ಪೇಪರಲ್ಲಿ ಅದು ಎಂಟು ಅಂಕಿ. ನೂರು ಮನೆ ಇರೋ ಬೀದಿ ಅಂತ ಯೋಚನೆ ಮಾಡಿ, ಎಂಟು ಮನೆ.

ಹಾಗಂತ ಎಲ್ಲ ಕ್ಯಾನ್ಸರಿಗೂ ಈ ಕಥೆ ಇಲ್ಲ. ಮಿದುಳಿನ ಬುಡದಲ್ಲಿ ಬರೋ ಡಿ.ಐ.ಪಿ.ಜಿ. ಅನ್ನೋ ಗಡ್ಡೆಯಲ್ಲಿ ಇವತ್ತಿಗೂ ಹೆಚ್ಚಿನ ಮಕ್ಕಳು ಒಂದು ವರ್ಷ ದಾಟಲ್ಲ. ಮಕ್ಕಳ ಕ್ಯಾನ್ಸರ್ ದೊಡ್ಡವರದಕ್ಕಿಂತ ಬಹಳ ಅಪರೂಪ. ಕಂಪನಿಗಳಿಗೆ ಅದು ಚಿಕ್ಕ ಮಾರುಕಟ್ಟೆ. ಅದಕ್ಕೇ ಇಲ್ಲಿ ದಾನದ ಹಣಕ್ಕೆ ಅಷ್ಟು ಬೆಲೆ.

ಮೂರನೇ ಪ್ರಶ್ನೆ ಕೇಳಿದ್ದು ಸಂಘದ ಹಿರಿಯರೊಬ್ಬರು. "ಅಲ್ಲಮ್ಮ, ಇವರಿಗೆ ಯಾಕೆ ಕೊಡ್ತೀಯ? ಇದೇ ದುಡ್ಡು ಬೆಂಗಳೂರಿನ ಕಿದ್ವಾಯಿಗೆ ಕಳಿಸಿದ್ರೆ ಎಷ್ಟು ಮಕ್ಕಳು ಉಳೀತಾರೆ?" ಇದು ತಳ್ಳಿಹಾಕೋ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಕ್ಕಳು ಗುಣ ಆಗ್ತಾರೆ. ಅನೇಕ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 30ಕ್ಕಿಂತ ಕಡಿಮೆ. ಔಷಧಿ ಕಂಡುಹಿಡಿದಾಗಿದೆ, ಆದ್ರೆ ಮಗು ತಡವಾಗಿ ಬರುತ್ತೆ; ಅಥವಾ ಅಪ್ಪ ಕೂಲಿ ಬಿಟ್ಟು ಎರಡು ವರ್ಷ ಊರಿಂದ ಓಡಾಡೋಕೆ ಆಗದೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತೆ. ಅಲ್ಲಿ ಕೆಲವು ಸಲ ಪ್ರಾಣ ಉಳಿಸೋದು ಬಸ್ ಚಾರ್ಜು ಮತ್ತು ಆಸ್ಪತ್ರೆ ಹತ್ತಿರ ಒಂದು ರೂಮು.

ನಾನು ಅವರಿಗೆ ಹೇಳಿದ್ದು ಇಷ್ಟು. ಎರಡೂ ಬೇಕು ಸಾರ್. ಇಲ್ಲಿ ಕಲಿತದ್ದು ಇಲ್ಲೇ ಉಳಿಯಲ್ಲ. ಲಂಡನ್ ಒಂಟಾರಿಯೊದಲ್ಲಿ ಶುರುವಾದದ್ದು ಇವತ್ತು ಬೆಂಗಳೂರಿನ ವಾರ್ಡಿನಲ್ಲೂ ಡ್ರಿಪ್ಪಿನಲ್ಲಿ ಇಳೀತಾ ಇದೆ. ಓಟದ ಹಣ ಸಂಶೋಧನೆಗೆ. ಊರಿಗೆ ಅಂತ ನೀವು ಬೇರೆ ಕೂಡಿಸಿ, ಅದಕ್ಕೂ ನಾನು ಕೊಡ್ತೀನಿ. ಅವರು ನಿಜವಾಗ್ಲೂ ಕೂಡಿಸಿದ್ರು. ದೀಪಾವಳಿ ಹೊತ್ತಿಗೆ ನನ್ನದಕ್ಕಿಂತ ಅವರದೇ ಜಾಸ್ತಿ ಆಗಿತ್ತು!

ಓಟದ ಬಗ್ಗೆ ಹೆಚ್ಚು ಹೇಳೋದಿಲ್ಲ. ಮೇ ತಿಂಗಳಲ್ಲಿ ಒಂದು ಕಿಲೋಮೀಟರ್ ಓಡಿದ್ರೆ ಏದುಸಿರು. ಕ್ರೆಡಿಟ್ ನದಿ ಪಕ್ಕದ ಹಾದಿಯಲ್ಲಿ ವಾರಕ್ಕೆ ಮೂರು ದಿನ, ಸ್ವಲ್ಪ ಓಟ, ಸ್ವಲ್ಪ ನಡಿಗೆ. ಸೆಪ್ಟೆಂಬರ್‌ಗೆ 18 ಕಿಲೋಮೀಟರ್ ಆಯ್ತು. ವಯಸ್ಸಾಯ್ತು ಅನ್ನೋ ನೆಪ ಬಂದಾಗ ಫೌಜಾ ಸಿಂಗ್ ಅವರನ್ನ ನೆನೆಸ್ಕೋತಿದ್ದೆ. 2011ರಲ್ಲಿ ಇದೇ ಟೊರಾಂಟೊ ವಾಟರ್‌ಫ್ರಂಟ್ ಮ್ಯಾರಥಾನ್‌ನ ಪೂರ್ತಿ 42 ಕಿಲೋಮೀಟರನ್ನ ನೂರನೇ ವಯಸ್ಸಿನಲ್ಲಿ ಮುಗಿಸಿದವರು. ಅವತ್ತು ಬೆಳಿಗ್ಗೆ ಚಳಿ ಇತ್ತು. ಓಟ ಯೂನಿವರ್ಸಿಟಿ ಅವೆನ್ಯೂನಲ್ಲಿ ಆಸ್ಪತ್ರೆಗಳ ಸಾಲಿನ ಮುಂದೆಯೇ ಹೋಗುತ್ತೆ, ಮಕ್ಕಳ ಆಸ್ಪತ್ರೆಯೂ ಅಲ್ಲೇ. ಎಲ್ಲರೂ ಕೂಗಾಡ್ಕೊಂಡು ಓಡ್ತಿದ್ರು. ನಾನು ಕಿಟಕಿಗಳನ್ನ ಒಂದ್ಸಲ ನೋಡಿ ತಲೆ ತಗ್ಗಿಸಿದೆ. ಅಲ್ಲಿ ಮಲಗಿರೋ ಮಗುವಿನ ಕಾಲು ನೋಯೋದಕ್ಕೂ ನನ್ನ ಕಾಲು ನೋಯೋದಕ್ಕೂ ಹೋಲಿಕೆ ಮಾಡೋದೇ ಸರಿಯಲ್ಲ. ನನ್ನದು ನಾನೇ ಆರಿಸಿಕೊಂಡ ನೋವು, ಸಂಜೆ ಬಿಸಿನೀರು ಸ್ನಾನ ಮಾಡಿದ್ರೆ ಹೋಗುತ್ತೆ. 21.1 ಕಿಲೋಮೀಟರ್, 2 ಗಂಟೆ 41 ನಿಮಿಷ. ಕೂಡಿದ್ದು 4,180 ಡಾಲರ್.

ಆ 4,180ರಲ್ಲಿ 51 ಡಾಲರ್ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ಓಟಕ್ಕೆ ಹತ್ತು ದಿನ ಇರಬೇಕಾದ್ರೆ ಎಂಬತ್ತರ ಹತ್ತಿರದ ಒಬ್ಬರು, ಮಗಳ ಮನೆಯಲ್ಲಿ ಇರೋರು, ರಾತ್ರಿ ಫೋನ್ ಮಾಡಿದ್ರು. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದವರು. "ನಿಮ್ಮ ಲಿಂಕಿನಲ್ಲಿ 'ಇವರ ನೆನಪಿಗೆ' ಅಂತ ಬರೆಯೋ ಜಾಗ ಇದೆಯಲ್ಲಮ್ಮ, ಅಲ್ಲಿ ಕನ್ನಡದಲ್ಲಿ ಬರೆಯೋಕಾಗುತ್ತಾ?" ಅಂತ ಕೇಳಿದ್ರು. ಆಗುತ್ತೆ ಅಂದೆ. ಒಂದು ಹೆಸರು ಹೇಳಿದ್ರು. 1978ರಲ್ಲಿ ತೀರಿಕೊಂಡ ಅವರ ಮಗ. ಆರು ವರ್ಷ. "ರಕ್ತ ಕಮ್ಮಿ ಅಂದ್ರು. ದೃಷ್ಟಿ ಆಗಿದೆ ಅಂದ್ರು ನಮ್ಮಮ್ಮ. ಕೊನೆಗೆ ಮಣಿಪಾಲದಲ್ಲಿ ಹೆಸರು ಹೇಳಿದ್ರು, ಆಗ ತಡ ಆಗಿತ್ತು. ಇಂಗ್ಲಿಷಲ್ಲಿ ಬರೆದ್ರೆ ಅವನ ಹೆಸರು ಅನ್ನಿಸಲ್ಲಮ್ಮ. ಸ್ಲೇಟ್ ಮೇಲೆ ಅವನು ಕನ್ನಡದಲ್ಲೇ ಬರೀತಿದ್ದಿದ್ದು."

ಮಾರನೇ ದಿನ ಅವರ ಮಗಳ ಫೋನ್. ಚಿಕ್ಕ ವಯಸ್ಸಿಗೇ ಇಲ್ಲಿಗೆ ಬಂದವಳು, ಕನ್ನಡ ಅಕ್ಷರ ಕೂಡಿಸ್ಕೊಂಡು ಓದ್ತಾಳೆ. "ನಿಮ್ಮ ಪೇಜಿನಲ್ಲಿ ನಮ್ಮಪ್ಪನ ಹೆಸರಿನ ಕೆಳಗೆ ಇರೋದು ಯಾರು?" ಅಂತ ಕೇಳಿದ್ಲು. ಅಣ್ಣ ಒಬ್ಬ ಇದ್ದ ಅಂತ ಮಾತ್ರ ಅವಳಿಗೆ ಗೊತ್ತಿತ್ತು. ಹೆಸರೂ, ಏನಾಯ್ತು ಅನ್ನೋದೂ ಮನೆಯಲ್ಲಿ ಯಾರೂ ಹೇಳಿರಲಿಲ್ಲ. "ನಿಮ್ಮಪ್ಪನ್ನ ಕೇಳಮ್ಮ, ಕೇಳಲಿ ಅಂತಲೇ ಬರೆಸಿದ್ದಾರೆ ಅನ್ಸುತ್ತೆ" ಅಂದೆ. ಅವರಿಬ್ಬರೂ ಏನು ಮಾತಾಡಿದ್ರೋ ನಾನು ಕೇಳಿಲ್ಲ. ಇದನ್ನ ಇಲ್ಲಿ ಹೇಳೋಕೆ ಇಬ್ಬರ ಒಪ್ಪಿಗೆಯೂ ಇದೆ.

ನೀವು ಇಂಥ ಓಟಕ್ಕೆ ಹಣ ಕೊಡೋದಾದ್ರೆ ಸಂಸ್ಥೆಯ ಹೆಸರು ಮೊದಲು ನೋಡಿ. ಕೆನಡಾದಲ್ಲಾದ್ರೆ ಅದು ನೋಂದಾಯಿತ ಚಾರಿಟಿ ಹೌದೋ ಅಲ್ಲವೋ ಅಂತ ಕಂದಾಯ ಇಲಾಖೆಯ ಪಟ್ಟಿಯಲ್ಲಿ ಯಾರು ಬೇಕಾದ್ರೂ ಹುಡುಕಬಹುದು. ಹಣ ಸಂಶೋಧನೆಗೋ, ಕುಟುಂಬಗಳ ನೆರವಿಗೋ ಕೇಳಿ ತಿಳ್ಕೊಳ್ಳಿ. ಎರಡೂ ಒಳ್ಳೇದೇ, ಬೇರೆ ಬೇರೆ ಅಷ್ಟೇ. ನಿಮಗೆ ಗೊತ್ತಿರೋ ಮನೆಯಲ್ಲಿ ಮಗುವಿಗೆ ಹುಷಾರಿಲ್ಲದಿದ್ರೆ, "ಏನಾದ್ರೂ ಬೇಕಾದ್ರೆ ಹೇಳಿ" ಅನ್ನಬೇಡಿ, ಅವರು ಹೇಳಲ್ಲ. "ಗುರುವಾರ ಸಾರು ಅನ್ನ ತರ್ತೀನಿ, ಬಾಗಿಲಲ್ಲಿಟ್ಟು ಹೋಗ್ತೀನಿ" ಅನ್ನಿ. ಅಣ್ಣ ತಮ್ಮ ಅಕ್ಕ ತಂಗಿ ಇದ್ರೆ ಆ ಮಕ್ಕಳನ್ನ ಒಂದು ಸಂಜೆ ಆಟಕ್ಕೆ ಕರ್ಕೊಂಡು ಹೋಗಿ. ಜ್ವರ, ನೆಗಡಿ ಇದ್ರೆ ಆ ಮನೆ ಕಡೆ ಹೋಗಲೇಬೇಡಿ; ಕೀಮೋದಲ್ಲಿರೋ ಮಗುವಿಗೆ ನಮ್ಮ ಸಣ್ಣ ನೆಗಡಿಯೂ ದೊಡ್ಡದಾಗಬಹುದು.

ಆ ಹುಡುಗಿಯ ಅಮ್ಮ ಈ ಬರಹವನ್ನ ನಿಮಗಿಂತ ಮೊದಲು ಓದಿದ್ದಾರೆ. ಎರಡು ಸಾಲು ತೆಗೀರಿ ಅಂದ್ರು, ತೆಗೆದೆ. ಖಾಯಿಲೆಯ ಹೆಸರನ್ನೂ ತೆಗೆಯೋಣವಾ ಅಂತ ನಾನೇ ಕೇಳಿದ್ದಕ್ಕೆ ಸ್ವಲ್ಪ ಯೋಚನೆ ಮಾಡಿ, "ಅದು ಇರಲಿ ಅಕ್ಕಾ" ಅಂದ್ರು. ಚಿಕಿತ್ಸೆ ಮುಗಿಯೋಕೆ ಇನ್ನೂ ಸುಮಾರು ಒಂದು ವರ್ಷ ಇದೆ. ವಾರಕ್ಕೊಂದು ದಿನ ಅವಳು ಮೆಥೋಟ್ರೆಕ್ಸೇಟ್ ಮಾತ್ರೆ ನುಂಗ್ತಾಳೆ. ಸುಬ್ಬರಾವ್ ಅವರ ತಂಡ ಮಾಡಿದ ಆ ಹಳೇ ಔಷಧಿಯ ಒಡಹುಟ್ಟು ಅದು. ಕೂದಲು ಬಂದಿದೆ, ಈ ಸಲ ಗುಂಗುರು. ಶನಿವಾರದ ಕ್ಲಾಸಿಗೆ ಮತ್ತೆ ಬರ್ತಾ ಇದ್ದಾಳೆ. ಒತ್ತಕ್ಷರ ಶುರು ಮಾಡಿದೀವಿ. ಅದೂ ಅವಳಿಗೆ ಸ್ವಲ್ಪ ಸ್ಲೋ, ಆದ್ರೆ ಬರುತ್ತೆ.